ಮಾದಯ್ಯನವರ ಜೋಡಿ ಕಕ್ಕಸು

ಭಾನುವಾರ ಬೆಳಗ್ಗೆ ಎಲ್ಲರೂ ಉಪ್ಪಿಟ್ಟಿನ ಮುಂದೆ ಕೂತಿದ್ದಾಗ ನಂಜೇಶ್ ವಿಷಯ ತೆಗೆದ.

"ಅವ್ವ, ಗುರುವಾರ ಜೆಸಿಬಿ ಬತ್ತದೆ. ಹಿತ್ತಲ ಕಕ್ಕಸು ಕೆಡವಿಸ್ಬುಡ್ತೀವಿ. ನಾನೂ ಪ್ರಸಾದನೂ ಮಾತಾಡ್ಕೊಂಡಿದ್ದೀವಿ. ಎರಡು ಮನೆ ಕಾರೂ ನಿಲ್ಲೋ ಹಂಗೆ ಅಲ್ಲಿ ಶೀಟ್ ಹಾಕ್ಸೋದು."

ಮಂಗಳಮ್ಮನ ತುತ್ತು ಕೈಯಲ್ಲೇ ಉಳಿಯಿತು. ಮಗ ಏನೋ ಸಂತೋಷದ ಸುದ್ದಿ ಹೇಳಿದವನಂತೆ ಅವಳ ಮುಖ ನೋಡುತ್ತಿದ್ದ. ಅವನ ಪಾಲಿಗೆ ಅದು ಸಂತೋಷದ್ದೇ. ಅಪ್ಪ-ದೊಡ್ಡಪ್ಪಂದಿರ ಕಾಲದಲ್ಲಿ ಎರಡು ಪಾಲಾದ ಹಿತ್ತಲು, ಮಕ್ಕಳ ಕಾಲಕ್ಕೆ ಒಂದಾಗುತ್ತಿತ್ತು. ಬಸವಪ್ರಸಾದ್ ಅವನ ದೊಡ್ಡಪ್ಪನ ಮಗ, ಪಕ್ಕದ ಮನೆಯವನೇ.

"ಅದು ನಿಮ್ಮ ತಾತ ಕಟ್ಟಿಸಿದ್ದು ಕಣೋ."

"ತಾತ ಕಟ್ಸಿದ್ದು ದೇವಸ್ಥಾನ ಅಲ್ವಲ್ಲವ್ವ."

"ನಂಗೆ ಒಳಗಡೆ ಆ ಬಿಳೀ ಕುರ್ಚಿ ಮ್ಯಾಲೆ ಕೂರಕ್ಕಾಗಕಿಲ್ಲ."

"ಅದಕ್ಕೇ ಪಕ್ಕದಲ್ಲಿ ನೆಲದ್ದೂ ಒಂದು ಹಾಕ್ಸಿಲ್ವ?"

"ಗಾಳಿ ಬರಕಿಲ್ಲ ಅಲ್ಲಿ."

"ಫ್ಯಾನ್ ಹಾಕ್ಸಿದ್ದೀನಿ. ಊರಲ್ಲಿ ಯಾರ ಮನೆ ಕಕ್ಕಸಲ್ಲಿ ಫ್ಯಾನ್ ಅದೆ ಹೇಳವ್ವ, ನೋಡಾನ?"

ಸೊಸೆ ಗಾನವಿ ಅತ್ತೆಯ ತಟ್ಟೆಯ ಅಂಚಿಗೆ ಒಂದು ಚಮಚ ಸಕ್ಕರೆ ಹಾಕಿದಳು. ಗಾನವಿ ತಿ. ನರಸೀಪುರದ ಸರ್ಕಾರಿ ಶಾಲೆಯಲ್ಲಿ ಟೀಚರು. ಮಕ್ಕಳು ಸುಳ್ಳು ಹೇಳುವಾಗ ಮುಖ ಹೇಗಿರುತ್ತದೆಂದು ದಿನವೂ ನೋಡುವವಳು.

ಮಂಗಳಮ್ಮ ಬೆಳಗಿನ ಐದೂವರೆಗೆ ಚೊಂಬು ಹಿಡಿದು ಹಿತ್ತಲಿಗೆ ಹೋದರೆ ವಾಪಸು ಬರುವುದು ಆರೂಕಾಲಿಗೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಏಳು ವರ್ಷದ ಹಿಂದೆ ನಂಜೇಶ್ ಗಾಬರಿಯಾಗಿ ಅವಳನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ದ. "ಮುಕ್ಕಾಲು ಗಂಟೆ ಕೂತ್ಕೊತಾರೆ ಸಾ," ಎಂದು ಅವನೇ ಹೇಳಿದ್ದ, ಮಂಗಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಂದಿನಿಂದ ರಾತ್ರಿ ಮಲಗುವ ಮುಂಚೆ ಒಂದು ಚಮಚ ಇಸಬ್ಗೋಲ್. ಪ್ರತಿ ಸೋಮವಾರ ಒಂದು ಪರಂಗಿ ಹಣ್ಣು, ಅದನ್ನು ನಂಜೇಶ್ ಅಂಗಡಿ ಮುಚ್ಚಿ ಬರುವಾಗ ತಾನೇ ಆರಿಸಿ ತರುತ್ತಾನೆ. ಅವಳ ಹೊಟ್ಟೆಗೆ ಇದ್ಯಾವುದರ ಅವಶ್ಯಕತೆಯೂ ಇರಲಿಲ್ಲ. ಅದು ಗಡಿಯಾರದಂತೆ ಕೆಲಸ ಮಾಡುವ ಹೊಟ್ಟೆ. ಆದರೂ ನಿಜ ಹೇಳಲಾರದೆ, ಮಗನ ಪ್ರೀತಿ ಬೇಡವೆನ್ನಲಾರದೆ, ಅವಳು ಏಳು ವರ್ಷ ಆ ಅಂಟು ನೀರನ್ನು ಗುಟುಕರಿಸಿದ್ದಳು.

ನಿಜವೇನೆಂದರೆ, ಆ ಮುಕ್ಕಾಲು ಗಂಟೆಯಲ್ಲಿ ಐದು ನಿಮಿಷ ಕಳೆದು ಮಿಕ್ಕ ಹೊತ್ತೆಲ್ಲ ಅವಳು ಮಾತಾಡುತ್ತಿದ್ದಳು.

ಆ ಕಕ್ಕಸು ಹುಟ್ಟಿದ್ದೇ ಮಾತಿಗಾಗಿ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕೈ ಅಡ್ಡ ಹಾಕಿದರೆ ಮಾತ್ರ ಬಸ್ಸು ನಿಲ್ಲುವ ಆ ಊರಿನಲ್ಲಿ, ಐವತ್ತೈದು ವರ್ಷದ ಹಿಂದೆ ಯಾರ ಮನೆಯಲ್ಲೂ ಕಕ್ಕಸಿರಲಿಲ್ಲ. ಗಂಡಸರು ಗದ್ದೆ ಬಯಲಿಗೆ. ಹೆಂಗಸರು ಬೆಳಕು ಹರಿಯುವ ಮುಂಚೆ ಒಂದು ಸಲ, ಮುಸ್ಸಂಜೆಗೆ ಒಂದು ಸಲ, ಚೊಂಬು ಹಿಡಿದು ಕೆರೆ ಏರಿಯ ಆಚೆ. ಒಬ್ಬರೇ ಹೋಗುವಂತಿಲ್ಲ. ಬೀದಿಯಲ್ಲಿ ಒಬ್ಬಳ ಬಳೆ ಸದ್ದಾದರೆ ನಾಲ್ಕು ಬಾಗಿಲು ತೆರೆಯುತ್ತಿದ್ದವು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಅತ್ತೆ ಯಾರಿಗೆ ಹೊಟ್ಟೆಗೆ ಹಾಕುತ್ತಿಲ್ಲ, ಯಾವ ಸೊಸೆ ನೀರೊಲೆ ಮುಂದೆ ಕೂತು ಅಳುತ್ತಾಳೆ, ಎಲ್ಲ ಅಲ್ಲೇ ಗೊತ್ತಾಗುವುದು. ಹಸಿದ ಸೊಸೆಗೆ ಸೆರಗಿನ ಮರೆಯಲ್ಲಿ ರೊಟ್ಟಿ ಚೂರು ಸಿಗುತ್ತಿದ್ದದ್ದೂ ಅಲ್ಲೇ.

ಮಂಗಳಮ್ಮನ ಮಾವ ಮಾದಯ್ಯನವರು ಬಾಳೆಕಾಯಿ ವ್ಯಾಪಾರಕ್ಕೆ ಮೈಸೂರಿಗೆ ಹೋಗಿ ಬರುತ್ತಿದ್ದವರು. ಅಲ್ಲಿ ಒಂದು ಛತ್ರದಲ್ಲಿ ಕಕ್ಕಸು ಕಂಡು, ತಾವೂ ಕಟ್ಟಿಸುತ್ತೇನೆಂದು ಹಟ ಹಿಡಿದರು. ಅವರ ಹೆಂಡತಿ ಒಪ್ಪಲಿಲ್ಲ. "ನಾಕು ಗ್ವಾಡೆ ಮಧ್ಯೆ ಒಬ್ಬಳೇ ಕೂತ್ಕಳಕ್ಕೆ ನಾನೇನು ಕೊಲೆ ಮಾಡಿ ಜೈಲ್‌ಗೆ ಬಂದಿದ್ದೀನಾ?" ಎಂದು ಆಕೆ ಕೇಳಿದರಂತೆ. ಮಾದಯ್ಯನವರು ಎರಡು ದಿನ ಯೋಚನೆ ಮಾಡಿದರು. ಮೂರನೆಯ ದಿನ ಗಾರೆಯವನನ್ನು ಕರೆಸಿ, ಬಾವಿಯಷ್ಟು ಆಳದ ಗುಂಡಿ ತೋಡಿಸಿ, ಮೇಲೆ ಕಲ್ಲು ಚಪ್ಪಡಿ ಹಾಸಿ, ಪಕ್ಕಪಕ್ಕದಲ್ಲೇ ಎರಡು ಜಾಗ ಮಾಡಿಸಿದರು. ನಡುವೆ ಗೋಡೆಯಿಲ್ಲ. "ಜತೆಗೊಬ್ಬರು ಇರ್ಲಿ," ಎಂದರಂತೆ. ಊರೇ ನೋಡಲು ಬಂತು. ಮನೆ ಮಗ್ಗುಲಲ್ಲೇ ಇಂಥದ್ದು ಇಟ್ಟುಕೊಂಡರೆ ಲಕ್ಷ್ಮಿ ನಿಲ್ಲುತ್ತಾಳಾ ಎಂದು ಕೇಳಿದವರೂ ಇದ್ದರು. ಮಾದಯ್ಯನವರು ಮಠದ ಅಯ್ಯನೋರ ಹತ್ತಿರ ಹೋಗಿ ಶುರುಮಾಡಲು ಒಳ್ಳೆಯ ಮುಹೂರ್ತ ಕೇಳಿದಾಗ, ಅಯ್ಯನೋರು ನಗು ತಡೆದುಕೊಂಡು, "ಹೊಟ್ಟೆ ಹೇಳಿದ್ದೇ ಮುಹೂರ್ತ, ಹೋಗಪ್ಪ," ಎಂದು ಕಳಿಸಿದರಂತೆ.

ಮಂಗಳಮ್ಮ ಮದುವೆಯಾಗಿ ಬಂದಾಗ ಅತ್ತೆ ಅದರ ಕಟ್ಟಳೆಗಳನ್ನು ಅಡುಗೆ ಹೇಳಿಕೊಟ್ಟಷ್ಟೇ ಶ್ರದ್ಧೆಯಿಂದ ಹೇಳಿಕೊಟ್ಟಿದ್ದರು. ಒಳಗೆ ಹೋಗುವ ಮುಂಚೆ ಮೂರು ಸಲ ಕೆಮ್ಮಬೇಕು, ಮನುಷ್ಯರಿದ್ದರೆ ಉತ್ತರ ಕೆಮ್ಮು ಬರುತ್ತದೆ, ಮುನಿಯಂಥ ದೆವ್ವಗಿವ್ವ ಇದ್ದರೆ ಜಾಗ ಬಿಡುತ್ತದೆ. ಒಳಗಿರುವಾಗ ಹೊರಗಿನಿಂದ ಯಾರು ಹೆಸರು ಹಿಡಿದು ಕೂಗಿದರೂ ಓಗೊಡಬಾರದು. ಬಸುರಿಯಾದವಳು ತಲೆಯಲ್ಲಿ ಬೇವಿನೆಲೆ ಇಲ್ಲದೆ ಹೋಗಬಾರದು. ಮತ್ತೆ, ಒಳಗೆ ದೇವರ ಹೆಸರು ಎತ್ತಲೇಬಾರದು. ಅದು ಅವನು ಕಾಲಿಡುವ ಜಾಗವಲ್ಲ.

ಆ ಮನೆಯ ಹಿರಿಸೊಸೆ ಮುದ್ದಮ್ಮ, ಬಸವಪ್ರಸಾದನ ತಾಯಿ. ಕಿರಿಸೊಸೆ ಮಂಗಳಮ್ಮ. ಇಬ್ಬರೂ ಹದಿನೇಳು ವರ್ಷ ಆ ಜೋಡಿ ಜಾಗದಲ್ಲಿ ಕೂತು ಅತ್ತೆಯನ್ನು ಆಡಿಕೊಂಡಿದ್ದರು. ಅತ್ತೆ ತೀರಿಕೊಂಡರು, ಮಾವ ತೀರಿಕೊಂಡರು, ಅಣ್ಣತಮ್ಮಂದಿರು ಪಾಲಾದರು. ಗದ್ದೆ, ತೋಟ, ದನ ಎಲ್ಲ ನಗುನಗುತ್ತಲೇ ಹಂಚಿಕೆಯಾಯಿತು. ಕಗ್ಗಂಟಾದದ್ದು ನೀರೊಲೆಯ ತಾಮ್ರದ ಹಂಡೆಯಲ್ಲಿ. ಅದು ತನ್ನ ತವರಿನಿಂದ ಬಂದದ್ದೆಂದು ಮುದ್ದಮ್ಮ, ಮಾವ ತನಗೆ ಬಾಯಿಬಿಟ್ಟು ಹೇಳಿದ್ದರೆಂದು ಮಂಗಳಮ್ಮ. ಮಾತು ಎಲ್ಲೆಲ್ಲಿಗೋ ಹೋಯಿತು. ಆ ತಿಂಗಳ ಅಮಾವಾಸ್ಯೆಗೆ ನಂಜನಗೂಡಿಗೆ ಹೋದವರು, ಕಪಿಲೆಯಲ್ಲಿ ಮುಳುಗಿ ಎದ್ದು, ಒದ್ದೆ ಸೀರೆಯಲ್ಲೇ ಗೋಪುರದ ಕಡೆ ಕೈಮಾಡಿ, "ಇನ್ನು ನಿನ್ನ ಜತೆ ಮಾತಾಡಿದ್ರೆ ನಂಜುಂಡಪ್ಪನಾಣೆ," ಎಂದರು. ಯಾರು ಮೊದಲು ಅಂದದ್ದು ಎಂಬುದಕ್ಕೆ ಇವತ್ತಿಗೂ ಎರಡು ಕತೆಯಿದೆ.

ಕಕ್ಕಸಿಗೂ ನಡುಗೋಡೆ ಬಿತ್ತು, ಬಾಗಿಲು ಎರಡು ದಿಕ್ಕಿಗಾಯಿತು. ಗೋಡೆ ಕಟ್ಟಿದ ಗಾರೆಯವನು ಒಳ್ಳೆಯವನು. ಒಂದೇ ಬುಡ್ಡಿ ದೀಪ ಎರಡೂ ಕಡೆಗಾಗಲಿ ಎಂದು ಮೊಣಕಾಲೆತ್ತರದಲ್ಲಿ ಒಂದು ಇಟ್ಟಿಗೆಯಷ್ಟು ಜಾಗ ಬಿಟ್ಟಿದ್ದ.

ಆಣೆಯಾಗಿ ಎರಡು ತಿಂಗಳಾಗಿತ್ತು. ಒಂದು ಬೆಳಗಿನ ಜಾವ ಗೋಡೆಯ ಆಚೆ ಚೊಂಬು ಉರುಳಿದ ಸದ್ದಾಯಿತು. ನೀರೆಲ್ಲ ಚೆಲ್ಲಿ ಹರಿದದ್ದೂ ಕೇಳಿತು. ಮುದ್ದಮ್ಮ ಯಾರನ್ನೂ ಕೂಗುವಂತಿಲ್ಲ, ಎದ್ದು ಬರುವಂತೆಯೂ ಇಲ್ಲ. ಮಂಗಳಮ್ಮ ಸ್ವಲ್ಪ ಹೊತ್ತು ಹಂಡೆಯನ್ನು ನೆನೆಸಿಕೊಂಡು ಸುಮ್ಮನೆ ಕೂತಳು. ಅದಕ್ಕಿಂತ ಹೆಚ್ಚು ಹೊತ್ತು ಅವಳಿಂದ ಆಗಲಿಲ್ಲ. ಅವತ್ತು ಅವಳು ತಂದದ್ದು ಗಿಂಡಿ. ಅದರ ಮೂತಿ ಆ ತೂತಿನಲ್ಲಿ ಸರಿಯಾಗಿ ತೂರಿತು. ಆಚೆ ಕಡೆ ಉರುಳಿದ್ದ ಚೊಂಬು ಎದ್ದು ಬಂದು ಅದರ ಕೆಳಗೆ ನಿಂತಿತು.

"ಯಾರೂ ನೋಡ್ಲಿಲ್ವಲ್ಲ?" ಎಂದು ಮುದ್ದಮ್ಮ ಪಿಸುಗುಟ್ಟಿದಳು.

"ಅಕ್ಕ, ಆಣೆ!"

"ಇಲ್ಲಿ ಆಡಿದ್ದು ಆ ನಂ... ಆ ಊರೋನ್ಗೆ ಕೇಳಕಿಲ್ಲ ಬುಡೆ. ಈ ಜಾಗಕ್ಕೆ ಅವನ್ಯಾಕ್ ಬಂದಾನು? ಅತ್ತೆ ಯೋಳಿರ್ಲಿಲ್ವ?"

ಅದೇ ಕಾಯ್ದೆಯಾಯಿತು. ಮೂವತ್ತೊಂದು ವರ್ಷ ಬೀದಿಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನ ಒಂದೇ ಸೀಟಿನಲ್ಲಿ ಕೂಡ ಇಬ್ಬರೂ ಒಂದು ಮಾತಾಡಲಿಲ್ಲ. ಮುದ್ದಮ್ಮನ ಗಂಡ ತೀರಿಕೊಂಡ ದಿನ ಮಂಗಳಮ್ಮ ಹೆಣದ ಮುಂದೆ ಬಾಯಿ ಕಟ್ಟಿಕೊಂಡು ಕೂತಿದ್ದಳು. ಮಾರನೆಯ ಬೆಳಗ್ಗೆ ಐದೂವರೆಗೆ ಆ ತೂತಿನೊಳಗೆ ಕೈ ಹಾಕಿದರೆ, ಆಚೆಯ ಕೈ ಮೊದಲೇ ಅಲ್ಲಿತ್ತು. ಆರು ವರ್ಷದ ಮೇಲೆ ಮಂಗಳಮ್ಮನ ಗಂಡ ಹೋದಾಗಲೂ ಹಾಗೆಯೇ.

ಈಗ ಅದನ್ನು ಗುರುವಾರ ಕೆಡವುತ್ತಾರೆ.

ಸೋಮವಾರ ಬೆಳಗ್ಗೆ ಇಬ್ಬರೂ ಕೆಮ್ಮನ್ನು ಕೂಡ ಮರೆತು ಒಳಗೆ ಬಂದರು.

"ಕೇಳುದ್ಯಾ ಅಕ್ಕ?"

"ಪ್ರಸಾದ ಅಂದ. ಇನ್ನೆಲ್ಲಿ ಮಾತಾಡಾದೆ ಮಂಗ್ಳ?"

"ಫೋನ್ ಮಾಡ್ಕೊಂಡ್ರೆ? ನಮ್ಮನೇಲಿ ಹಳೇದೊಂದದೆ."

"ನಂ ಫೋನ್ ಮುಟ್ಟುದ್ರೆ ಸಾಕು, ಆ ಊರೋನ್ ಪಟವೇ ಬತ್ತದೆ. ಪ್ರಸಾದ ಆಕವ್ನೆ. ಅವನ್ ಮೊಕ ನೋಡ್ಕೊಂಡೇ ಆಣೆ ಮುರೀಲಾ?"

"ತಪ್ಪು ಕಾಣಿಕೆ ಆಕಿ ಆಣೆ ಬುಡಿಸ್ಕೊಬೋದಲ್ಲ."

"ಬುಡಿಸ್ಕೊಬೋದು. ಯಾರ್ದು ತಪ್ಪು ಅಂತ ಯೋಳಿ ಆಕಾದು?"

ತಾಮ್ರದ ಹಂಡೆ ತೂತು ಬಿದ್ದು, ಗುಜರಿಗೆ ಹೋಗಿ ಹದಿನೈದು ವರ್ಷವಾಗಿತ್ತು. ಆದರೂ ಆ ಗೋಡೆಯ ನಡುವೆ ಅದು ಇನ್ನೂ ಬೆಚ್ಚಗೆ ಕೂತಿತ್ತು.

ಬುಧವಾರ ಸಂಜೆ ಮೇಸ್ತ್ರಿ ಪ್ರೇಮ್‌ಕುಮಾರ್ ಅಳತೆ ನೋಡಲು ಬಂದ. ಬದನವಾಳಿನವನು, ಮೃದು ಮಾತಿನವನು. ಮಂಗಳಮ್ಮ ಅವನಿಗೆ ಮಜ್ಜಿಗೆ ಕೊಟ್ಟು, ಅದು ಗಂಟಲಲ್ಲಿ ಇಳಿಯುತ್ತಿರುವಾಗಲೇ, "ಅಲ್ಲಿ ಮುನಿ ಅದೆ ಕಣಪ್ಪ. ಕೆಡವುದ್ರೆ ಸುಮ್ಕಿರಕಿಲ್ಲ," ಎಂದಳು.

"ಇರ್ಲಿ ಬುಡಿ ಅವ್ವ. ಕೆಡವೋಕೆ ಮುಂಚೆ ಮೂರ್ ಸಲ ಕೆಮ್ತೀನಿ."

"ನಾಗರಾವು ಬತ್ತದೆ."

"ಅದಕ್ಕೂ ಕೆಮ್ತೀನಿ."

ಅವನು ಒಳಗೆ ಹೋಗಿ ಟೇಪು ಹಿಡಿದು ಬಂದು, ಆಗ ತಾನೇ ಶಾಲೆಯಿಂದ ಬಂದ ಗಾನವಿಗೆ ಹೇಳಿದ: "ಮೇಡಂ, ನಡುಗೋಡೇಲಿ ಒಂದು ಗೂಡದೆ. ಅದರ ಅಂಚು ನೋಡಿ, ಉಜ್ಜಿ ಪಾಲಿಶ್ ಮಾಡ್ದಂಗದೆ. ದೀಪ ಇಟ್ರೆ ಮಸಿಯಾಯ್ತದೆ, ನುಣ್ಣಗಾಗಕಿಲ್ಲ. ದಿನಾ ಕೈ ಆಡ್ದಿದ್ರೆ ಮಾತ್ರ ಹಂಗಾಗೋದು." ಹೇಳಿದವನು ಮಂಗಳಮ್ಮನ ಮುಖ ನೋಡಿದ. ತಕ್ಷಣ ಟೇಪು ಸುತ್ತುವುದರಲ್ಲಿ ಮುಳುಗಿಹೋದ.

ಅವನು ಹೋದ ಮೇಲೆ ಗಾನವಿ ಅತ್ತೆಯ ಪಕ್ಕದಲ್ಲಿ ಅವರೆಕಾಯಿ ಸುಲಿಯಲು ಕೂತಳು.

"ಅತ್ತೆ, ಒಂದು ಮಾತು. ಇವತ್ತಿನಿಂದ ಇಸಬ್ಗೋಲ್ ನಿಲ್ಲಿಸೋಣ್ವಾ?"

"ಯಾಕೆ?"

"ಅದು ಬಾಯಿಗೆ ಔಷಧಿ ಅಲ್ವಂತೆ."

ಮಂಗಳಮ್ಮನ ಕೈಯಿಂದ ಅವರೆಕಾಳು ಚಿಮ್ಮಿ ಬಾಗಿಲವರೆಗೆ ಹೋಯಿತು. "ನಿಂಗೆ ಯಾವಾಗಿಂದ ಗೊತ್ತು?"

"ಮದ್ವೆಯಾಗಿ ಬಂದ ಮೂರನೇ ದಿನದಿಂದ. ಹಿತ್ತಲಲ್ಲಿ ಹೂ ಬಿಡ್ಸೋಕೆ ಹೋಗಿದ್ದೆ. 'ಹೊಸ ಸೊಸೆ ಉಪ್ಪು ಜಾಸ್ತಿ ಹಾಕ್ತಾಳೆ' ಅಂತ ಕೇಳಿಸ್ತು. ಅವತ್ತಿಂದ ಉಪ್ಪು ಕಮ್ಮಿ ಮಾಡ್ದೆ."

"ಅಯ್ಯಯ್ಯೋ..."

"ಪಕ್ಕದ ಮನೆ ಶೃತಿಗೂ ಗೊತ್ತು. ಅದಕ್ಕೇ ನಾವಿಬ್ರೂ ಆರೂಕಾಲರ ತನಕ ಹಿತ್ತಲ ಬಾಗಿಲು ತೆಗಿಯಲ್ಲ." ಶೃತಿ ಎಂದರೆ ಮುದ್ದಮ್ಮನ ಸೊಸೆ. "ಗಂಡಸರಿಗೆ ಮಾತ್ರ ಗೊತ್ತಿಲ್ಲ. ಹೊರಗೇ ಮಾತಾಡ್ಬಾರ್ದಾ ಅತ್ತೆ?"

ಮಂಗಳಮ್ಮ ಅಳುವಂತಾಗಿ ಎಲ್ಲ ಹೇಳಿಕೊಂಡಳು. ಆಣೆ, ಹಂಡೆ, ಗಿಂಡಿ. ಅಲ್ಲಿಗೆ ದೇವರು ಬರುವುದಿಲ್ಲವಾದ್ದರಿಂದ ಅಲ್ಲಿ ಆಡಿದ್ದು ಅವನಿಗೆ ಕೇಳಿಲ್ಲ, ಹೊರಗೆ ಒಂದು ಮಾತಾಡಿದರೂ ಮಕ್ಕಳುಮರಿಗೆ ಏನು ಬರುತ್ತದೋ.

ಗಾನವಿ ನಗಲಿಲ್ಲ. ಕಾಳಿನ ತಟ್ಟೆ ಪಕ್ಕಕ್ಕಿಟ್ಟು, ಅತ್ತೆಯ ಸೆರಗು ಸ್ವಲ್ಪ ಸರಿಸಿದಳು. ಶಿವದಾರದ ತುದಿಯಲ್ಲಿ, ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ, ಮಂಗಳಮ್ಮನ ಇಷ್ಟಲಿಂಗ ಎದೆಯ ಮೇಲೆ ತಣ್ಣಗೆ ಕೂತಿತ್ತು.

"ಇದನ್ನ ಯಾವತ್ತಾದ್ರೂ ತೆಗೆದಿಟ್ಟು ಹೋಗಿದ್ದೀರಾ ಅತ್ತೆ?"

"ಬುಟ್ತು ಅನ್ನು! ಅದನ್ನ ಮೈಯಿಂದ ಬೇರೆ ಮಾಡ್ತಾರಾ ಯಾರಾದ್ರೂ?" ಎಂದಳು.

ಅವಳ ಕೈ ಕರಡಿಗೆಯನ್ನು ಮುಟ್ಟಿತು, ಬೆಂಕಿ ಮುಟ್ಟಿದಂತೆ ಬಿಟ್ಟಿತು, ಮತ್ತೆ ಮುಟ್ಟಿತು. ಮೂವತ್ತೊಂದು ವರ್ಷ. ಒಂದು ದಿನ ತಪ್ಪದೆ ಮುಕ್ಕಾಲು ಗಂಟೆ. ಗೋಪುರದ ಒಳಗಿರುವವನಿಗೆ ಕೇಳಬಾರದೆಂದು ಪಿಸುಗುಟ್ಟುತ್ತಾ, ಎದೆಯ ಮೇಲೇ ಅವನನ್ನು ಕೂರಿಸಿಕೊಂಡು! ತಾನು ಆಡಿದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಮಠದ ಅಯ್ಯನೋರ ಗೊರಕೆಯ ವಿಷಯ ಕೂಡ.

"ಎಲ್ಲಾ ಕೇಳಿಸ್ಕೊಂಡವ್ನಾ?"

"ಕೇಳಿಸ್ಕೊಂಡಿರ್ಬೇಕು. ನೆಗಡಿಗಿಂತ ದೊಡ್ಡ ಕಾಯಿಲೆ ಏನಾದ್ರೂ ಬಂದಿದ್ಯಾ ನಿಮಗೆ?"

ಗುರುವಾರ ಬೆಳಗ್ಗೆ ಮಂಗಳಮ್ಮ ಐದು ಗಂಟೆಗೇ ಹೋಗಿ ಕೂತಳು. ಆಚೆ ಕಡೆ ಬಳೆ ಸದ್ದಾದ ಕೂಡಲೇ ಎಲ್ಲ ಒದರಿದಳು. ಗೋಡೆಯ ಆಚೆ ಸೆರಗು ಸರಿದ ಸದ್ದು, ತಡಕಾಡಿದ ಸದ್ದು.

"ಮಂಗ್ಳ."

"ಅಕ್ಕ."

"ನನ್ ಕತ್ತಲ್ಲೂ ಅದೆ ಕಣೆ."

"ಇಲ್ದೆ ಎಲ್ಲೋಯ್ತದೆ?"

"ಅಂಗಾರೆ ಎರಡೂ ಕಡೆಯಿಂದ ಕೇಳಿಸ್ಕೊಂಡವ್ನೆ." ಮುದ್ದಮ್ಮ ಕೊಂಚ ಯೋಚಿಸಿದಳು. "ಆಣೆ ಇಟ್ಟಿದ್ದು ನಂಜನಗೂಡೋನ್ ಮ್ಯಾಲೆ. ಇವ್ನು ಬ್ಯಾರೆ ಅಂತ ಅಂದ್ಕೊಂಡ್ರೆ?"

"ನೀನೇ ಯೋಳಕ್ಕ. ಬ್ಯಾರೆಯಾ?"

"ಅಲ್ಲ ಬುಡು. ಎಲ್ಲಾ ಒಬ್ನೇಯ." ಒಂದು ಉದ್ದನೆಯ ಉಸಿರು. "ಮೂವತ್ತು ವರ್ಸ ಕೇಳಿಸ್ಕೊಂಡೂ ಸುಮ್ಕವ್ನೆ ಅಂದ್ರೆ, ನಂ ಆಣೇನ ಅವನು ಅವತ್ತೇ ಕಪಿಲೇಲಿ ಬುಟ್ಟವ್ನೆ ಕಣೆ. ನಾವೇ ಇಡ್ಕೊಂಡು ಕೂತಿದ್ದು. ಈ ಚಳೀಲಿ, ಈ ಸೊಂಟ ನೋವಲ್ಲಿ!"

ಗೋಡೆಯ ಎರಡೂ ಕಡೆ ನಗು ಶುರುವಾಯಿತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಹಿತ್ತಲ ಬಾಗಿಲ ಹಿಂದೆ ನಿಂತಿದ್ದ ಗಾನವಿಗೂ ಶೃತಿಗೂ ಕೇಳುವಷ್ಟು ಜೋರಾಗಿ.

ಆದರೆ ಹೊರಗೆ ಬಂದಾಗ ಕತೆ ಬೇರೆಯಾಯಿತು. ಇಬ್ಬರೂ ತಂತಮ್ಮ ಬಾಗಿಲಿಂದ ಬಂದು, ಮೂಲೆ ತಿರುಗಿ, ಚೊಂಬು ಹಿಡಿದು ಎದುರೆದುರು ನಿಂತರು. ಬೆಳಕು ಹರಿದಿತ್ತು. ಇಷ್ಟು ವರ್ಷ ಎದುರಾದಾಗಲೆಲ್ಲ ಮುಖ ತಿರುಗಿಸಿದವರು. ಪಿಸುಮಾತಿನ ಮುದ್ದಮ್ಮನಿಗೆ ಮಂಗಳಮ್ಮನ ಮನಸ್ಸಿನಲ್ಲಿ ಇನ್ನೂ ನಲವತ್ತಮೂರು ವರ್ಷ. ಈ ಬೊಚ್ಚು ಬಾಯಿಯ ಮುದುಕಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮುದ್ದಮ್ಮನೂ ಮಿಕಮಿಕ ನೋಡಿ, ಕಡೆಗೆ, "ಏನೇ ಇಂಗೆ ಆಗೋಗಿದ್ದೀಯ!" ಎಂದಳು. ಇಬ್ಬರಿಗೂ ನಾಚಿಕೆಯಾಗಿ, ಮನೆಯೊಳಗೆ ಓಡಿದರು.

ಒಂಬತ್ತಕ್ಕೆ ಜೆಸಿಬಿ ಬಂತು. ನಂಜೇಶ್ ಅಂಗಡಿಯ ಬಾಗಿಲು ತೆಗೆಯುವುದನ್ನು ತಡಮಾಡಿ ನಿಂತಿದ್ದ. ಬಸವಪ್ರಸಾದ್ ಹಿತ್ತಲಿನ ಬಾಳೆಗಿಡಗಳಿಗೆ ಪೆಟ್ಟಾಗದಂತೆ ಗೋಣಿ ಹೊದಿಸುತ್ತಿದ್ದ. ಪ್ರೇಮ್‌ಕುಮಾರ್ ನಡುಗೋಡೆಯ ಮುಂದೆ ನಿಂತು, ಮಂಗಳಮ್ಮನಿಗೆ ಕಾಣುವಂತೆ, ಮೂರು ಸಲ ಕೆಮ್ಮಿದ.

ಗಾನವಿ ಶಾಲೆಗೆ ರಜೆ ಹಾಕಿ, ಹೊಂಗೆ ಮರದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಳು. ಎದುರುಬದುರಾಗಿ ಅಲ್ಲ, ಪಕ್ಕಪಕ್ಕ. ಎರಡೂ ಹಿತ್ತಲ ಕಡೆಗೇ ಮುಖ. ಶೃತಿ ಅತ್ತೆಯನ್ನು ಕೈ ಹಿಡಿದು ತಂದು ಒಂದರಲ್ಲಿ ಕೂರಿಸಿದಳು. ಮಂಗಳಮ್ಮ ಇನ್ನೊಂದರಲ್ಲಿ ಕೂತಳು. ಗಂಡಸರಿಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು, ಹಾವು-ಮುಂಗುಸಿ ಒಂದೇ ಬುಟ್ಟಿಯಲ್ಲಿ ಕಂಡವರಂತೆ ನಿಂತರು.

ಪಕ್ಕದಲ್ಲಿ ಕೂತು, ಮುಖ ನೋಡದೆ, ಮಂಗಳಮ್ಮನಿಗೆ ಮಾತು ಬಂತು. "ಮೊಣಕಾಲಿಗೆ ಎಣ್ಣೆ ಆಕುದ್ಯಾ ಅಕ್ಕ?"

"ಆಕ್ದೆ. ನೀನು ಯೋಳ್ದಂಗೆ ಬೇವಿನೆಣ್ಣೆ ಅಲ್ಲ. ಅದು ನಾತ. ಕೊಬ್ಬರಿ ಎಣ್ಣೆ."

"ಕೊಬ್ಬರಿ ಎಣ್ಣೆ ತಲೆಗೆ ಆಕಾದು! ನಾನು ಯೋಳಿದ್ದು ಒಂದಾದ್ರೂ ಕೇಳಿದ್ದೀಯಾ ನೀನು?"

"ನೀನ್ ಯೋಳಿದ್ದು ಕೇಳಿದ್ರೆ ನನ್ ಕಾಲು ಇಷ್ಟೊತ್ತಿಗೆ ಕಪಿಲೇಲಿ ತೇಲ್ತಿತ್ತು!"

ಮಂಗಳಮ್ಮ ಬೆಚ್ಚಿದಳು. ಮುದ್ದಮ್ಮನ ದನಿ ಇಷ್ಟು ದೊಡ್ಡದೆಂಬುದೇ ಅವಳಿಗೆ ಮರೆತುಹೋಗಿತ್ತು. ಪಿಸುಮಾತಿನಲ್ಲಿ ಅಳಬಹುದು, ನಗಬಹುದು, ಆಡಿಕೊಳ್ಳಬಹುದು. ಜಗಳ ಮಾತ್ರ ಆಗುವುದಿಲ್ಲ. ಮೂವತ್ತೊಂದು ವರ್ಷದಿಂದ ಅವರು ಒಂದೇ ಒಂದು ಜಗಳ ಆಡಿರಲಿಲ್ಲ. ಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುರ್ಚಿಯನ್ನು ಸರಕ್ಕನೆ ಅವಳ ಕಡೆ ತಿರುಗಿಸಿದಳು. "ಏನಂದೆ? ಇನ್ನೊಂದ್ಸಲ ಅನ್ನು, ನೋಡಾನ!"

ಜೆಸಿಬಿ ಡ್ರೈವರು ಇಂಜಿನ್ ಶುರುಮಾಡಿದ. ಅದರ ಗುಡುಗಿನಲ್ಲಿ ಮುದ್ದಮ್ಮನ ಉತ್ತರ ಮುಳುಗಿಹೋಯಿತು. ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿ ಉರಿಗಣ್ಣು ಬಿಟ್ಟರು.

ಪ್ರೇಮ್‌ಕುಮಾರ್ ಕೈಯೆತ್ತಿದ. ಇಂಜಿನ್ ನಿಂತಿತು.

"ಯಾಕ್ ನಿಲ್ಸಿದ್ರಿ?" ಎಂದು ನಂಜೇಶ್ ಕೇಳಿದ.

"ಮಾತಾಡ್ಲಿ ಬುಡಿ ಸಾ. ಗ್ವಾಡೆ ಎಲ್ಲಿಗೋಯ್ತದೆ," ಎಂದು ಪ್ರೇಮ್‌ಕುಮಾರ್ ನೆರಳಿಗೆ ಸರಿದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹಾಸಿಕೊಂಡು ಕೂತ. ಡ್ರೈವರು ಕೆಳಗಿಳಿದು ಬಂದ. ಶೃತಿ ಒಳಗೆ ಹೋಗಿ ಎಲ್ಲರಿಗೂ ಇಡ್ಲಿ ಬೇಯಲು ಇಟ್ಟಳು.